ತರಗತಿಯ ಮುಂದೆ ಮಾತನಾಡಲು ದಿಢೀರ್ ಭಯ

ಮೊನ್ನೆಯವರೆಗೂ ಚೆನ್ನಾಗಿ ಮಾತನಾಡುತ್ತಿದ್ದ ವಿದ್ಯಾರ್ಥಿಗೂ ತರಗತಿಯ ಮುಂದೆ ನಿಂತಾಗ ಇದ್ದಕ್ಕಿದ್ದಂತೆ ಎದೆ ಹೊಡೆದುಕೊಳ್ಳಬಹುದು, ಕೈ ನಡುಗಬಹುದು, ಬಾಯಿ ಒಣಗಬಹುದು. ಭಯವಾದಾಗ ದೇಹದಲ್ಲಿ ಏರುವ ಅಡ್ರಿನಲಿನ್ ಇದಕ್ಕೆ ಕಾರಣ. ಇಂದಾಪುರದಂಥ ಊರಿನಲ್ಲಿ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಆಡುವ ಮಕ್ಕಳಿಗೆ, ಪದ ತಪ್ಪಿದರೆ ನಗುತ್ತಾರೆಂಬ ಅಳುಕೂ ಸೇರಿಕೊಳ್ಳುತ್ತದೆ.

ನಡುಕ ನಿಲ್ಲಿಸುವ ಮಾತ್ರೆ ಎಂದು ಕೆಲವರು ಔಷಧಿ ಅಂಗಡಿಯಲ್ಲಿ ಕೇಳುವುದು ಪ್ರೊಪ್ರನಲಾಲ್. ಅದು ಎದೆಬಡಿತ, ನಡುಕ ತಗ್ಗಿಸುತ್ತದೆ. ಭಯದ ಮೂಲವನ್ನು ತೆಗೆಯುವುದಿಲ್ಲ. ಆಸ್ತಮಾ ಇದ್ದವರಿಗೆ ಉಸಿರುಗಟ್ಟಿಸಬಹುದು. ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಕುಸಿದ ಸೂಚನೆಗಳನ್ನೇ ಮರೆಮಾಚಬಹುದು. ವೈದ್ಯರ ಚೀಟಿ ಇಲ್ಲದೆ ಕೊಡಬೇಡಿ. ಅಣ್ಣನಿಗೆ ಬರೆದುಕೊಟ್ಟದ್ದನ್ನು ತಮ್ಮನಿಗೆ ಕೊಡುವುದಂತೂ ಬೇಡವೇ ಬೇಡ.

ಮಾತಿಗೆ ಮುನ್ನ ಮೂಗಿನಿಂದ ಉಸಿರೆಳೆದು, ಎಳೆದದ್ದಕ್ಕಿಂತ ನಿಧಾನವಾಗಿ ಬಿಡಲು ಹೇಳಿಕೊಡಿ. ಮೊದಲ ಎರಡು ವಾಕ್ಯ ಬಾಯಿಪಾಠ ಇರಲಿ. ಮನೆಯವರ ಮುಂದೆ, ಆಮೇಲೆ ಇಬ್ಬರು ಗೆಳೆಯರ ಮುಂದೆ, ನಂತರ ತರಗತಿಯಲ್ಲಿ ಹೇಳಲಿ. ಭಾಷಣದ ದಿನ ರಜೆ ಹಾಕಿಸಿದರೆ ಅಂದಿಗೆ ನೆಮ್ಮದಿ ಸಿಗುತ್ತದೆ, ಆದರೆ ಭಯ ಇನ್ನಷ್ಟು ಬಲಿಯುತ್ತದೆ. ಶಿಕ್ಷಕರಿಗೆ ಮೊದಲೇ ತಿಳಿಸಿ, ಕುಳಿತಲ್ಲಿಂದಲೇ ಮಾತನಾಡಲು ಅವಕಾಶ ಕೇಳುವುದು ಮೇಲು.

ಮಗು ಶಾಲೆಯನ್ನೇ ತಪ್ಪಿಸುತ್ತಿದ್ದರೆ, ಊಟ ನಿದ್ದೆ ಕೆಟ್ಟಿದ್ದರೆ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೂ ಸೇವೆ ಇದೆ. ತಲೆಸುತ್ತಿ ಬಿದ್ದರೆ, ಸುಮ್ಮನೆ ಕುಳಿತಾಗಲೂ ಎದೆ ಹೊಡೆದುಕೊಂಡರೆ ವೈದ್ಯರಿಗೆ ತೋರಿಸಿ. ಸಾಯುವ ಮಾತಾಡಿದರೆ ಒಂಟಿಯಾಗಿ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.