ಕಾಂಗ್ರೆಸ್ ಗಿಡವೂ ಮೂತ್ರಪಿಂಡದ ಮಾತ್ರೆಯೂ

ಮಳೆಗಾಲ ಹಿಡಿದರೆ ಸಾಕು, ಮೈಸೂರಿನ ರಾಜೀವನಗರದಂಥ ಬಡಾವಣೆಗಳ ಖಾಲಿ ಸೈಟುಗಳಲ್ಲಿ ಕಾಂಗ್ರೆಸ್ ಗಿಡ ಮೊಳಕಾಲೆತ್ತರ ಏಳುತ್ತದೆ. ಪುಟ್ಟ ಬಿಳಿ ಹೂವಿನ ಈ ಪಾರ್ಥೇನಿಯಂಗೆ ನಮ್ಮ ಚರ್ಮರೋಗಗಳ ಚರಿತ್ರೆಯಲ್ಲೂ ಒಂದು ಅಧ್ಯಾಯವಿದೆ.

ಅಮೆರಿಕ ಖಂಡದ ಈ ಕಳೆ 1955ರ ಸುಮಾರಿಗೆ ಪುಣೆಯಲ್ಲಿ ಸಸ್ಯಶಾಸ್ತ್ರಜ್ಞರ ಕಣ್ಣಿಗೆ ಬಿತ್ತು. ಪಿಎಲ್-480 ಗೋಧಿಯ ಜೊತೆ ಬಂತೆಂಬ ಮಾತು ಎಲ್ಲೆಡೆ ಇದೆ. ಆದರೆ ಭಾರತ ಆ ಯೋಜನೆಯ ಮೊದಲ ಒಪ್ಪಂದಕ್ಕೆ ಸಹಿ ಹಾಕಿದ್ದು 1956ರ ಆಗಸ್ಟ್‌ನಲ್ಲಿ. ಬಂದ ದಾರಿ ಯಾವುದೇ ಇರಲಿ, 1970ರ ದಶಕದಲ್ಲಿ ಅದು ಬೆಂಗಳೂರಿನ ಸುತ್ತ ಹಬ್ಬಿತ್ತು; ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಅದರ ಅಲರ್ಜಿಯನ್ನು ಅಧ್ಯಯನ ಮಾಡುತ್ತಿದ್ದರು.

ಗಿಡದ ಸೂಕ್ಷ್ಮ ರೋಮಗಳಲ್ಲಿ ಪಾರ್ಥೆನಿನ್ ಎಂಬ ರಾಸಾಯನಿಕವಿದೆ. ಒಣಗಿದ ಚೂರುಗಳು ಗಾಳಿಯಲ್ಲಿ ತೇಲಿ ಮೈಗೆ ಅಂಟುತ್ತವೆ. ಎಲ್ಲರಿಗೂ ಏನೂ ಆಗುವುದಿಲ್ಲ. ಆದವರಿಗೆ ಮಾತ್ರ ಕಣ್ಣುರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಗಳು ಕೆಂಪಾಗುತ್ತವೆ. ವರ್ಷಗಟ್ಟಲೆ ಕೆರೆದು ಕೆರೆದು ಚರ್ಮ ದಪ್ಪಗಾಗಿ ಕಪ್ಪಿಡುತ್ತದೆ. ಹೊಲದಲ್ಲಿ ದುಡಿಯುವವರನ್ನು ಇದು ಹೆಚ್ಚು ಕಾಡುತ್ತದೆ. ಸ್ಟೀರಾಯ್ಡ್ ಮಾತ್ರೆ ನಿಲ್ಲಿಸಿದರೆ ತುರಿಕೆ ಮರಳುತ್ತದೆ, ವರ್ಷಗಟ್ಟಲೆ ನುಂಗಿದರೆ ಸಕ್ಕರೆ ಕಾಯಿಲೆ, ಮೂಳೆ ಸವೆತದ ಭಯ.

ಇದಕ್ಕೆ ಒದಗಿದ್ದು ಅಜಥಯೊಪ್ರಿನ್. 1957ರಲ್ಲಿ ಜಾರ್ಜ್ ಹಿಚಿಂಗ್ಸ್ ಮತ್ತು ಗರ್ಟ್ರೂಡ್ ಎಲಿಯನ್ ಅವರ ಪ್ರಯೋಗಾಲಯದಲ್ಲಿ ತಯಾರಾದ ಈ ಔಷಧ, 1960ರ ದಶಕದಲ್ಲಿ ಕಸಿ ಮಾಡಿದ ಮೂತ್ರಪಿಂಡವನ್ನು ದೇಹ ತಿರಸ್ಕರಿಸದಂತೆ ತಡೆಯಿತು. ಅವರಿಬ್ಬರಿಗೂ 1988ರಲ್ಲಿ ನೊಬೆಲ್ ಬಂತು. ಪಾರ್ಥೇನಿಯಂ ರೋಗದಲ್ಲೂ ಕೆರಳುವುದು ಅದೇ ರೋಗನಿರೋಧಕ ಪಡೆ, ಮುಖ್ಯವಾಗಿ ಟಿ ಕೋಶಗಳು. 2000ದ ಆಸುಪಾಸಿನಲ್ಲಿ ದೆಹಲಿಯ ಏಮ್ಸ್ ವೈದ್ಯರು ಈ ರೋಗಿಗಳಿಗೆ ಅದೇ ಮಾತ್ರೆ ಕೊಟ್ಟು, ಸ್ಟೀರಾಯ್ಡಿನ ಅವಲಂಬನೆ ತಗ್ಗಿಸಬಹುದೆಂದು ತೋರಿಸಿದರು.

ಗುಣ ಕಾಣಲು ವಾರಗಳು, ತಿಂಗಳುಗಳು ಬೇಕು. ಬಿಳಿ ರಕ್ತಕಣ ಕುಸಿಯಬಹುದು, ಯಕೃತ್ತಿಗೆ ಪೆಟ್ಟಾಗಬಹುದು, ಸೋಂಕು ಸುಲಭವಾಗಿ ತಗುಲಬಹುದು. ಹಾಗಾಗಿ ಆಗಾಗ ರಕ್ತಪರೀಕ್ಷೆ ಕಡ್ಡಾಯ. ದಿನಗೂಲಿಯವರಿಗೆ ಒಂದೊಂದು ಪರೀಕ್ಷೆಯೂ ಒಂದು ದಿನದ ಕೂಲಿ.

ಗಿಡವನ್ನೇ ತಡೆಯುವ ಯತ್ನವೂ ನಡೆದಿದೆ. 1983ರಲ್ಲಿ ಮೆಕ್ಸಿಕೊದಿಂದ ತರಿಸಿದ ಎಲೆತಿನ್ನುವ ಜೀರುಂಡೆಯನ್ನು ಮರುವರ್ಷ ಬೆಂಗಳೂರಿನಲ್ಲಿ ಬಿಟ್ಟರು. ಅದು ನೆಲೆಯೂರಿತು, ಗಿಡ ಮಾತ್ರ ಅಳಿಯಲಿಲ್ಲ.

ವೈದ್ಯಚರಿತ್ರೆ ಔಷಧದ ಗೆಲುವನ್ನು ಚೆನ್ನಾಗಿ ದಾಖಲಿಸುತ್ತದೆ. ಆದರೆ ಮಾತ್ರೆ ತಣಿಸುವುದು ಒಂದು ಮೈಯನ್ನು ಮಾತ್ರ. ಯಾರೂ ನೋಡಿಕೊಳ್ಳದ ನೆಲದಲ್ಲಿ ಬೆಳೆದ ಕಳೆಯ ಬೆಲೆಯನ್ನು, ಆ ನೆಲದ ಒಡೆಯನಲ್ಲದವನು ತನ್ನ ಚರ್ಮದಿಂದ ತೆರುತ್ತಿದ್ದಾನೆ.