ಎಂಡ್ಯೂರೊ ಗಾಡಿ ಕೊಳ್ಳುವ ಮೊದಲು ಅದರ ಇತಿಹಾಸ ಓದಿ

ಶಹಾಪುರ, ಸುರಪುರ ಕಡೆಯ ಹುಡುಗರಿಗೆ ಕೆಟ್ಟ ದಾರಿ ಹೊಸದೇನಲ್ಲ. ಮಳೆ ಬಿದ್ದರೆ ಎರೆಮಣ್ಣು ಚಕ್ರಕ್ಕೆ ಮೆತ್ತಿ ಮಡ್‌ಗಾರ್ಡ್ ತುಂಬಿ ಗಾಡಿ ನಿಂತೇ ಬಿಡುತ್ತದೆ. ಕಾಲುವೆ ಏರಿ, ಭೀಮಾ ದಂಡೆಯ ಮರಳು, ಗುಡ್ಡದ ಕಲ್ಲುಹಾದಿ ಎಲ್ಲವೂ ದಿನದ ಓಡಾಟ. ಈಗ ಮೊಬೈಲಿನಲ್ಲಿ ವಿಡಿಯೊ ನೋಡಿ, ‘ಎಂಡ್ಯೂರೊ ರೇಸಿಗೆ ಯಾವ ಗಾಡಿ ತಗೋಬೇಕು?’ ಎಂದು ನಮ್ಮನ್ನು ಕೇಳುವವರೂ ಇದ್ದಾರೆ. ಸಾಲ ಮಾಡಿ ಗಾಡಿ ತರುವ ಮೊದಲು ಈ ಆಟ ಹುಟ್ಟಿದ್ದು ಯಾಕೆ ಎಂದು ತಿಳಿಯಬೇಕು.

ತಾಳಿಕೆಯ ಪರೀಕ್ಷೆ

1913ರಲ್ಲಿ ಇಂಗ್ಲೆಂಡಿನ ಕಾರ್ಲೈಲ್‌ನಲ್ಲಿ ಆರು ದಿನಗಳ ಅಂತರರಾಷ್ಟ್ರೀಯ ಪರೀಕ್ಷೆ ಶುರುವಾಯಿತು. ಗಾಡಿ ಮತ್ತು ಸವಾರ ಎಷ್ಟು ತಾಳುತ್ತಾರೆ ಎಂದು ನೋಡುವುದೇ ಉದ್ದೇಶ. 1981ರಲ್ಲಿ ಅದರ ಹೆಸರಿಗೆ ‘ಎಂಡ್ಯೂರೊ’ ಸೇರಿತು.

ನಿಯಮ ಸರಳ. ನಿಗದಿತ ಸಮಯಕ್ಕೆ ಪ್ರತಿ ತಪಾಸಣಾ ಸ್ಥಳ ತಲುಪಬೇಕು. ತಡವಾದರೆ ದಂಡ, ಬೇಗ ಬಂದರೂ ದಂಡ. ನಡುವೆ ಕೆಲವು ಕಡೆ ಮಾತ್ರ ವೇಗ ಅಳೆಯುತ್ತಾರೆ. ಗಾಡಿ ಕೆಟ್ಟರೆ ಸವಾರನೇ ರಿಪೇರಿ ಮಾಡಿಕೊಳ್ಳಬೇಕು. ಸಾರ್ವಜನಿಕ ರಸ್ತೆಯಲ್ಲೂ ಸಾಗುವುದರಿಂದ ನಂಬರ್ ಪ್ಲೇಟ್, ಲೈಟ್, ಸೈಲೆನ್ಸರ್ ಎಲ್ಲ ಇರಲೇಬೇಕು. ಸೈಲೆನ್ಸರ್ ಕಿತ್ತು ಊರೆಲ್ಲ ಸದ್ದು ಮಾಡುವ ಗಾಡಿಗೆ ಅಲ್ಲಿ ಜಾಗವಿಲ್ಲ.

ಮೈಸೂರಿನ ನಂಟು

1970ರಿಂದ 1974ರವರೆಗೆ ಸತತ 5 ವರ್ಷ ಈ ಸ್ಪರ್ಧೆಯ ಮುಖ್ಯ ಟ್ರೋಫಿ ಗೆದ್ದದ್ದು ಜೆಕೊಸ್ಲೊವಾಕಿಯಾ. ಜಾವಾ ಆ ದೇಶದ್ದೇ ಕಂಪನಿ. ಅದರ ಪರವಾನಗಿ ಪಡೆದು ಐಡಿಯಲ್ ಜಾವಾ ಕಂಪನಿ 1961ರಿಂದ ಮೈಸೂರಿನಲ್ಲಿ 250 ಸಿಸಿ ಗಾಡಿ ತಯಾರಿಸಿತು. ಮುಂದೆ ಅದೇ ಯೆಜ್ಡಿ ಆಯಿತು. ಕಿಕ್ಕಿಗೂ ಗೇರಿಗೂ ಒಂದೇ ಲಿವರ್, ಪೆಟ್ರೋಲಿಗೆ ಆಯಿಲ್ ಬೆರೆಸುವ ಎಂಜಿನ್. ಹಿರಿಯರಿಗೆ ಇದು ಚೆನ್ನಾಗಿ ನೆನಪಿದೆ. 1985ರಲ್ಲಿ ಹೀರೊ ಹೊಂಡಾ ಸಿಡಿ 100 ಬಂದ ಮೇಲೆ ಜನ ಮೈಲೇಜ್ ನೋಡತೊಡಗಿದರು. ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತು.

ಮಣ್ಣಿನ ದಾರಿಗೆಂದೇ ಮಾಡಿದ, ಸಾಮಾನ್ಯರ ಕೈಗೆಟಕುವ ಗಾಡಿ ಮತ್ತೆ ಬಂದದ್ದು 2011ರಲ್ಲಿ, 150 ಸಿಸಿಯ ಹೀರೊ ಇಂಪಲ್ಸ್. ಅದು ಹೆಚ್ಚು ಕಾಲ ನಡೆಯಲಿಲ್ಲ. 2016ರಲ್ಲಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್, 2019ರಲ್ಲಿ ಹೀರೊ ಎಕ್ಸ್‌ಪಲ್ಸ್ 200 ಬಂದವು.

ನಮ್ಮ ರಾಜ್ಯದವರು

ಬೆಂಗಳೂರಿನ ಸಿ.ಎಸ್. ಸಂತೋಷ್ ಮೊದಲು ಪಳಗಿದ್ದು ಮೋಟೊಕ್ರಾಸ್‌ನಲ್ಲಿ. 2015ರಲ್ಲಿ ಡಕಾರ್ ರ‍್ಯಾಲಿ ಪೂರ್ತಿಗೊಳಿಸಿದ ಮೊದಲ ಭಾರತೀಯ ಎನಿಸಿದರು, 36ನೇ ಸ್ಥಾನ. ಗೆಲ್ಲದಿದ್ದರೂ ಮುಟ್ಟಿದ್ದೇ ದಾಖಲೆಯಾಯಿತು. 2021ರ ಡಕಾರ್‌ನಲ್ಲಿ ಬಿದ್ದು ತಲೆಗೆ ಪೆಟ್ಟಾಗಿ ಆಸ್ಪತ್ರೆ ಸೇರಿದರು. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2018ರಲ್ಲಿ ಸ್ಪೇನ್‌ನಲ್ಲಿ ಬಿದ್ದು ತೀವ್ರವಾಗಿ ಗಾಯಗೊಂಡಿದ್ದರು. ಮರುವರ್ಷವೇ ಬಾಹಾ ವಿಶ್ವಕಪ್‌ನ ಮಹಿಳಾ ಪ್ರಶಸ್ತಿ ಗೆದ್ದರು. ಎಲ್ಲ ರಕ್ಷಣೆ, ಎಲ್ಲ ತರಬೇತಿ ಇದ್ದವರಿಗೇ ಹೀಗಾಗುತ್ತದೆ. ಬರಿ ತಲೆಯಲ್ಲಿ, ಚಪ್ಪಲಿ ಹಾಕಿಕೊಂಡು ಗುಡ್ಡ ಹತ್ತಿಸುವ ನಮ್ಮ ಹುಡುಗರು ಇದನ್ನು ಗಮನಿಸಬೇಕು.

ಹಾಗಾದರೆ ಯಾವ ಗಾಡಿ?

ಮೊದಲು ನೋಡಬೇಕಾದದ್ದು ತೂಕ. ಬಿದ್ದ ಗಾಡಿಯನ್ನು ಒಬ್ಬರೇ ಎತ್ತುವಂತಿರಬೇಕು. ಮೊದಲ ಹಿಮಾಲಯನ್ 190 ಕೆ.ಜಿ. ದಾಟುತ್ತಿತ್ತು. ಎಕ್ಸ್‌ಪಲ್ಸ್ 200 ಸುಮಾರು 155 ಕೆ.ಜಿ., ನೆಲದಿಂದ 220 ಮಿ.ಮೀ. ಎತ್ತರ, ಮುಂದೆ 21 ಇಂಚಿನ ಚಕ್ರ. ದೊಡ್ಡ ಚಕ್ರ ಕಲ್ಲು, ತಗ್ಗನ್ನು ಸುಲಭವಾಗಿ ದಾಟುತ್ತದೆ. ನಿಂತಾಗ ಕಾಲು ನೆಲಕ್ಕೆ ಊರುತ್ತದೆಯೇ, ಬಿಡಿಭಾಗ ಹತ್ತಿರದಲ್ಲೇ ಸಿಗುತ್ತವೆಯೇ ಎಂದೂ ನೋಡಿ. ಎರಡನೇ ಕೈಯ ಗಾಡಿಯಾದರೂ ನಡೆಯುತ್ತದೆ, ಆರ್‌ಸಿ ಸರಿಯಿರಬೇಕು.

ಇರುವ ದುಡ್ಡೆಲ್ಲ ಗಾಡಿಗೇ ಸುರಿಯಬೇಡಿ. ಒಳ್ಳೆಯ ಹೆಲ್ಮೆಟ್, ಬೂಟು, ಮೊಣಕಾಲು ಮತ್ತು ಎದೆಯ ಗಾರ್ಡಿಗೆ ಮೊದಲೇ ತೆಗೆದಿಡಿ. ಪಂಕ್ಚರ್ ಹಾಕುವುದು, ಚೈನ್ ಬಿಗಿ ಮಾಡುವುದು, ಕ್ಲಚ್ ಕೇಬಲ್ ಬದಲಿಸುವುದನ್ನು ಊರಿನ ಮೆಕ್ಯಾನಿಕ್ ಬಳಿ ಕೂತು ಕಲಿಯಿರಿ. ಕೋಲಾರದ ಹತ್ತಿರ ಸಂತೋಷ್ ಕಟ್ಟಿದ ಬಿಗ್ ರಾಕ್ ಡರ್ಟ್‌ಪಾರ್ಕ್‌ನಂಥ ಕಡೆ ತರಬೇತಿ ಸಿಗುತ್ತದೆ. ಅಧಿಕೃತ ಸ್ಪರ್ಧೆಗೆ ಇಳಿಯಲು ದೇಶದ ಮೋಟಾರು ಕ್ರೀಡಾ ಒಕ್ಕೂಟ ಎಫ್‌ಎಂಎಸ್‌ಸಿಐ ಕೊಡುವ ಲೈಸೆನ್ಸ್ ಬೇಕು.

ಎರೆಮಣ್ಣಿನಲ್ಲಿ ಗಾಡಿ ಹಿಡಿಯುವುದು ನಮ್ಮ ಹುಡುಗರಿಗೆ ಬರುತ್ತದೆ, ಅದು ದೊಡ್ಡ ಬಂಡವಾಳ. ಅದರ ಜೊತೆ ತಾಳ್ಮೆ ಸೇರಬೇಕು. ಈ ಆಟದಲ್ಲಿ ಲೆಕ್ಕಕ್ಕೆ ಬರುವವರು ಹೇಳಿದ ಹೊತ್ತಿಗೆ, ಗಾಡಿ ಸಮೇತ ಮುಟ್ಟಿದವರು.