ಎಮ್ಡನ್ ಬಂದ ರಾತ್ರಿ

ಚೆನ್ನೈ ಹೈಕೋರ್ಟಿನ ಪೂರ್ವದ ಆವರಣಗೋಡೆಯಲ್ಲಿ ಸಣ್ಣದೊಂದು ಫಲಕವಿದೆ. ಪಾರಿಮುನೆಯ ಜನಜಂಗುಳಿಯಲ್ಲಿ ಬಸ್ಸು ಹಿಡಿಯಲು ಓಡುವವರ ಕಣ್ಣಿಗೆ ಅದು ಬೀಳುವುದು ಅಪರೂಪ. 1914ರ ಸೆಪ್ಟೆಂಬರ್ 22ರಂದು ಜರ್ಮನಿಯ ಎಮ್ಡನ್ ನಡೆಸಿದ ದಾಳಿಯ ಗುರುತು ಅದು.

ಈ ಊರಿನಲ್ಲಿ ಎಮ್ಡನ್ನಿನ ಮಾತೆತ್ತಿದರೆ ಹಲವರು ಅದೊಂದು ಜಲಾಂತರ್ಗಾಮಿ ಎಂದೇ ಹೇಳುತ್ತಾರೆ. ವಾಸ್ತವದಲ್ಲಿ ಅದು ಮೂರು ಹೊಗೆಕೊಳವೆಗಳ, ಹತ್ತು ಫಿರಂಗಿಗಳ ಲಘು ಕ್ರೂಸರ್. ನೀರಿನ ಮೇಲೆಯೇ ರಾಜಾರೋಷವಾಗಿ ಬಂದದ್ದು. ಜರ್ಮನ್ ಜಲಾಂತರ್ಗಾಮಿಗಳು ಪಿನಾಂಗನ್ನು ನೆಲೆಯಾಗಿಸಿಕೊಂಡು ಹಿಂದೂ ಮಹಾಸಾಗರದಲ್ಲಿ ಸುಳಿದಾಡಿದ್ದು 1943ರ ನಂತರ. ಎರಡು ಯುದ್ಧಗಳ ನೆನಪು ಜನರ ಬಾಯಲ್ಲಿ ಒಂದಾಗಿರಬೇಕು. ಕಣ್ಣಿಗೆ ಕಾಣದೆ ಬಂದು ಹೊಡೆದು ಮಾಯವಾದದ್ದು ನೀರಿನ ಅಡಿಯಿಂದಲೇ ಬಂದಿರಬೇಕೆಂಬ ಊಹೆ ಸಹಜವೂ ಹೌದು.

ನೌಕೆಯ ನಾಯಕ ಕಾರ್ಲ್ ಫಾನ್ ಮ್ಯುಲರ್. ಕ್ಯಾನ್ವಾಸಿನಿಂದ ನಾಲ್ಕನೆಯ ಹುಸಿ ಹೊಗೆಕೊಳವೆ ಕಟ್ಟಿ, ಬ್ರಿಟಿಷ್ ನೌಕೆಯಂತೆ ವೇಷ ತೊಟ್ಟು ಅವನು ಬಂಗಾಳ ಕೊಲ್ಲಿಗೆ ನುಗ್ಗಿದ. ಸೆಪ್ಟೆಂಬರ್ ಎರಡನೆಯ ವಾರದಲ್ಲಿ ಸರಕು ಹಡಗುಗಳು ಒಂದೊಂದಾಗಿ ಮುಳುಗತೊಡಗಿದವು. ಸೆರೆಸಿಕ್ಕ ನಾವಿಕರನ್ನು ಅವನು ಕೊಲ್ಲಲಿಲ್ಲ. ಕಬಿಂಗಾ ಎಂಬ ಹಡಗಿಗೆ ಹತ್ತಿಸಿ ಕಳಿಸಿಬಿಟ್ಟ. ಶತ್ರುಗಳೂ ಅವನನ್ನು ಹೊಗಳಿದ್ದು ಈ ಕಾರಣಕ್ಕೆ.

ಅಂದು ಮಂಗಳವಾರ. ಅಮಾವಾಸ್ಯೆ ಕಳೆದು ಎರಡು ಮೂರು ದಿನವಷ್ಟೆ, ನವರಾತ್ರಿಯ ಆರಂಭ. ಮನೆಮನೆಯಲ್ಲಿ ಬೊಂಬೆ ಕೂರಿಸಿದ ಹೊತ್ತು. ಬಿದಿಗೆ ತದಿಗೆಯ ಚಂದ್ರ ಬೇಗನೆ ಮುಳುಗಿ ಕಡಲು ಕತ್ತಲಾಗಿತ್ತು. ಊರು ಮಾತ್ರ ಬೆಳಗುತ್ತಿತ್ತು. ಆಗ ಮದರಾಸಿನ ದೀಪಸ್ತಂಭವಿದ್ದದ್ದು ಹೈಕೋರ್ಟಿನ ಗುಮ್ಮಟದ ಮೇಲೆ. ಮಂಗಳೂರು, ಬಳ್ಳಾರಿಗಳ ಕನ್ನಡಿಗರು ತಮ್ಮ ಮೇಲ್ಮನವಿಗಳನ್ನು ಹೊತ್ತು ಬರುತ್ತಿದ್ದ ನ್ಯಾಯಾಲಯವೂ ಅದೇ, ಅವೆರಡೂ ಜಿಲ್ಲೆಗಳು ಮದರಾಸು ಪ್ರಾಂತದಲ್ಲಿದ್ದವಲ್ಲ! ಹಡಗುಗಳಿಗೆ ದಾರಿ ತೋರಲೆಂದು ಹಚ್ಚಿದ ಆ ದೀಪ ಅಂದು ವೈರಿಗೂ ದಾರಿ ತೋರಿತು.

ರಾತ್ರಿ ಒಂಬತ್ತೂವರೆಯ ಸುಮಾರಿಗೆ, ದಡದಿಂದ ಮೂರು ಕಿಲೋಮೀಟರಿನೊಳಗೆ ನಿಂತು, ಎಮ್ಡನ್ ತನ್ನ ಶೋಧದೀಪ ಹೊತ್ತಿಸಿ ಬರ್ಮಾ ಆಯಿಲ್ ಕಂಪನಿಯ ಎಣ್ಣೆತೊಟ್ಟಿಗಳಿಗೆ ಗುರಿಯಿಟ್ಟಿತು. ಹಾರಿದ ಗುಂಡುಗಳು ಸುಮಾರು 130. ತೊಟ್ಟಿಗಳು ಹೊತ್ತಿ ಉರಿದವು. ಬಂದರಿನಲ್ಲಿದ್ದ ಚುಪ್ರಾ ಎಂಬ ಹಡಗಿಗೂ ಪೆಟ್ಟು ಬಿತ್ತು. ದಡದ ಫಿರಂಗಿಗಳು ಎಚ್ಚೆತ್ತು ಮಾರುತ್ತರ ಕೊಟ್ಟವಾದರೂ ಒಂದೂ ತಾಗಲಿಲ್ಲ. ದೀಪ ನಂದಿಸಿಕೊಂಡು ನೌಕೆ ಕತ್ತಲಲ್ಲಿ ಕರಗಿತು.

ಸತ್ತವರು ಕೈಬೆರಳೆಣಿಕೆಯಷ್ಟು. ಎಣ್ಣೆಯ ನಷ್ಟವನ್ನು ಸಾಮ್ರಾಜ್ಯ ಸುಲಭವಾಗಿಯೇ ತುಂಬಿಕೊಂಡಿತು. ಆದರೆ ಮ್ಯುಲರನ ನಿಜವಾದ ಗುರಿ ಎಣ್ಣೆಯಲ್ಲ, ಆಂಗ್ಲರ ಪ್ರತಿಷ್ಠೆ; ಅದನ್ನು ಅವನೇ ಬರೆದಿಟ್ಟಿದ್ದಾನೆ. ಆ ಗುಂಡು ಸರಿಯಾಗಿಯೇ ತಾಗಿತು. ಕಡಲಿನ ಒಡೆಯರೆಂದು ನಂಬಿಸಿದವರು ತಮ್ಮನ್ನು ಕಾಯಲಾರರೆಂಬುದು ಜನರಿಗೆ ಒಂದೇ ರಾತ್ರಿಯಲ್ಲಿ ಮನವರಿಕೆಯಾಯಿತು. ಮರುದಿನದಿಂದ ಸಾವಿರಾರು ಮಂದಿ ಗಂಟುಮೂಟೆ ಕಟ್ಟಿಕೊಂಡು ಊರು ಬಿಟ್ಟರು, ರೈಲುಗಳು ಕಿಕ್ಕಿರಿದವು. 1942ರಲ್ಲಿ ಜಪಾನೀಯರ ಭಯಕ್ಕೆ ಮದರಾಸು ಬರಿದಾದದ್ದು ಸರ್ಕಾರದ ಸೂಚನೆಯ ಮೇರೆಗೆ. 1914ರಲ್ಲಿ ಯಾರೂ ಹೇಳಬೇಕಾಗಿರಲಿಲ್ಲ. ಚರಿತ್ರೆಕಾರರು ಗುಂಡುಗಳನ್ನು ಎಣಿಸಿದಷ್ಟು ಶ್ರದ್ಧೆಯಿಂದ ಈ ಜನರ ಕಥೆಯನ್ನು ಕೇಳಲಿಲ್ಲವೆಂಬುದು ನನ್ನ ಕೊರಗು. ಬೊಂಬೆಗಳನ್ನು ಮೆಟ್ಟಿಲ ಮೇಲೆಯೇ ಬಿಟ್ಟು ಹೊರಟ ಮನೆಗಳು ಎಷ್ಟಿದ್ದವೋ!

ಮುಂದಿನದು ಬೇಗ ಮುಗಿಯಿತು. ಎಮ್ಡನ್ ಸಿಂಹಳವನ್ನು ಬಳಸಿ ಮಿನಿಕಾಯ್ ಸಮೀಪ ಬೇಟೆಯಾಡಿ, ದಿಯಾಗೋ ಗಾರ್ಸಿಯಾಕ್ಕೆ ಹೋಯಿತು; ಯುದ್ಧ ಆರಂಭವಾದ ಸುದ್ದಿಯೇ ಮುಟ್ಟದಿದ್ದ ಆ ದ್ವೀಪದ ಜನ ಅತಿಥಿಗಳನ್ನು ಸತ್ಕರಿಸಿದರು. ಅಕ್ಟೋಬರ್ 28ರಂದು ಪಿನಾಂಗಿನಲ್ಲಿ ರಷ್ಯದ ಒಂದು, ಫ್ರಾನ್ಸಿನ ಒಂದು ಯುದ್ಧನೌಕೆಯನ್ನು ಮುಳುಗಿಸಿತು. ನವೆಂಬರ್ 9ರಂದು ಕೋಕೋಸ್ ದ್ವೀಪಗಳ ಬಳಿ ಆಸ್ಟ್ರೇಲಿಯಾದ ಸಿಡ್ನಿ ನೌಕೆಯ ಕೈಯಲ್ಲಿ ಜರ್ಜರಿತವಾಗಿ ದಿಬ್ಬಕ್ಕೇರಿತು.

ಮದರಾಸಿನ ಮಟ್ಟಿಗೆ ಅದು ಮುಳುಗಲೇ ಇಲ್ಲ. ತಮಿಳಿನಲ್ಲಿ ಇಂದಿಗೂ ಮಹಾ ಕಿಲಾಡಿಯೊಬ್ಬನನ್ನು, ಮನೆಮಂದಿ ಹೆದರುವ ತಂದೆಯನ್ನು, ‘ಎಮ್ಡನ್’ ಎನ್ನುತ್ತಾರೆ. ಆ ಮಾತನ್ನಾಡುವ ಎಷ್ಟೋ ಜನರಿಗೆ ಅದೊಂದು ಹಡಗಿನ ಹೆಸರೆಂಬುದೂ ಗೊತ್ತಿಲ್ಲ.